ಸಮಾಜವಿಜ್ಞಾನಗಳಲ್ಲಿ ಸ್ನಾತಕೋತ್ತರ ಅಧ್ಯಯನ: ಗ್ರಾಮೀಣ ಗುರುಸೇವೆಯ ದೃಷ್ಟಿಯಿಂದ

ತತ್ತ್ವಶಾಸ್ತ್ರ ಹಾಗೂ ದೈವಶಾಸ್ತ್ರಗಳ ದೀರ್ಘ ವ್ಯಾಸಂಗವನ್ನು ಮುಗಿಸಿ ಗುರುದೀಕ್ಷೆ ಪಡೆದವರಲ್ಲಿ ಕೆಲವರನ್ನು ಉನ್ನತ ಅಧ್ಯಯನಕ್ಕೆ ಕಳುಹಿಸುವುದು ನಮ್ಮ ಧರ್ಮಪ್ರಾಂತ್ಯಗಳಲ್ಲಿಯೂ ಧಾರ್ಮಿಕ ಸಭೆಗಳಲ್ಲಿಯೂ ರೂಢಿಯಲ್ಲಿದೆ. ಹಾಗೆ ಕಳುಹಿಸುವಾಗ ಪವಿತ್ರ ಗ್ರಂಥ, ದೈವಶಾಸ್ತ್ರ, ಧರ್ಮಸಭೆಯ ಕಾನೂನು ಮೊದಲು ನೆನಪಿಗೆ ಬರುತ್ತವೆ. ಸಮಾಜಶಾಸ್ತ್ರ, ಮಾನವಶಾಸ್ತ್ರ, ಅರ್ಥಶಾಸ್ತ್ರ, ಸಮಾಜಕಾರ್ಯ ಮುಂತಾದವು ನೆನಪಿಗೆ ಬಂದರೂ ಹೆಚ್ಚಾಗಿ ಒಂದು ಶಾಲೆಯ ಮುಖ್ಯಸ್ಥನಾಗಲು ಅಥವಾ ಒಂದು ಯೋಜನೆಯ ಲೆಕ್ಕಪತ್ರ ನೋಡಿಕೊಳ್ಳಲು ಬೇಕಾದ ಅರ್ಹತೆಯಾಗಿ ಮಾತ್ರ ಬರುತ್ತವೆ. ಈ ಶಾಸ್ತ್ರಗಳ ಅಧ್ಯಯನವು ಗುರುಸೇವೆಯ ಹೊರಗಿನ ಅಲಂಕಾರವಲ್ಲ, ಜನರನ್ನು ಅರಿತು ಪ್ರೀತಿಸುವ ಕರ್ತವ್ಯದ ಒಂದು ಭಾಗ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜೊತೆಗೆ, ಈ ದಾರಿಯಲ್ಲಿ ಹೊರಡುವ ಗುರು ಅಭ್ಯರ್ಥಿಯು ತಿಳಿದಿರಬೇಕಾದ ಕೆಲವು ಕಾರ್ಯೋಪಯೋಗಿ ವಿಷಯಗಳನ್ನೂ ಇಲ್ಲಿ ವಿವರಿಸಲಾಗಿದೆ. ಚರ್ಚೆ ಗಾಳಿಯಲ್ಲಿ ತೇಲದಿರಲೆಂದು ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನಂಥ ಊರೊಂದನ್ನು, ಅದರ ಸುತ್ತಲಿನ ಸವಣೂರು, ಶಿಗ್ಗಾಂವಿ, ಹಾನಗಲ್, ಹಿರೇಕೆರೂರು ಸೀಮೆಯನ್ನು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ.

1. ಸವಣೂರು ಮುಂದಿಟ್ಟ ಪ್ರಶ್ನೆ

ಹತ್ತಿಮತ್ತೂರು ಸವಣೂರು ತಾಲ್ಲೂಕಿಗೆ ಸೇರಿದ ಗ್ರಾಮ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯ ಪ್ರಕಾರ ಸುಮಾರು 16 ಲಕ್ಷ. ಅದರಲ್ಲಿ ಕ್ರೈಸ್ತರು ಅತ್ಯಲ್ಪ. ಆದ್ದರಿಂದ ಇಂಥ ಸೀಮೆಗೆ ಕಳುಹಿಸಲ್ಪಡುವ ಗುರುವಿಗೆ ಭಾನುವಾರದ ಬಲಿಪೂಜೆಗೆ ಬರುವ ಕೆಲವೇ ಕುಟುಂಬಗಳ ಆಚೆಗೆ ಇಡೀ ಊರೇ ಸೇವಾಕ್ಷೇತ್ರವಾಗುತ್ತದೆ. ಲಿಂಗಾಯತ ಒಕ್ಕಲಿಗ ಮನೆತನ, ಕುರುಬರ ಓಣಿ, ಮುಸ್ಲಿಮರ ಮೊಹಲ್ಲ, ಲಂಬಾಣಿ ತಾಂಡಾ, ದಲಿತರ ಕೇರಿ, ಇವುಗಳ ನಡುವಿನ ಕೊಡುಕೊಳ್ಳುವಿಕೆಯನ್ನು ಅರಿಯದ ಗುರು ಆ ಊರಿನಲ್ಲಿ ಹತ್ತು ವರ್ಷವಿದ್ದರೂ ಅತಿಥಿಯಾಗಿಯೇ ಉಳಿಯುತ್ತಾನೆ.

2010ರ ಜುಲೈ ತಿಂಗಳಲ್ಲಿ ತಾಲ್ಲೂಕು ಕೇಂದ್ರವಾದ ಸವಣೂರಿನಲ್ಲಿ, ತಲೆತಲಾಂತರದಿಂದ ಮಲ ಬಾಚುವ ಕೆಲಸಕ್ಕೆ ದೂಡಲ್ಪಟ್ಟಿದ್ದ ಭಂಗಿ ಸಮುದಾಯದ ಕೆಲವರು, ತಾವು ವಾಸವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದನ್ನು ವಿರೋಧಿಸಿ, ಪುರಸಭೆಯ ಕಚೇರಿಯ ಎದುರು ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ನಾಡೆಲ್ಲ ಒಮ್ಮೆ ಬೆಚ್ಚಿತು. ಈ ಘಟನೆಯ ಮುಂದೆ ಒಬ್ಬ ಗುರು ಏನು ಹೇಳಬೇಕು? ಮಾನವನು ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದವನು ಎಂಬ ಸತ್ಯವನ್ನು ಹೇಳಬೇಕು, ಅದರಲ್ಲಿ ಸಂದೇಹವಿಲ್ಲ. ನೊಂದವರ ಪಕ್ಕದಲ್ಲಿ ನಿಲ್ಲಬೇಕು, ಅದರಲ್ಲಿಯೂ ಸಂದೇಹವಿಲ್ಲ. ಆದರೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಕಾಯಿದೆ 1993ರಲ್ಲಿಯೇ ಸಂಸತ್ತಿನಲ್ಲಿ ಅಂಗೀಕಾರವಾಗಿತ್ತು. ಹದಿನೇಳು ವರ್ಷಗಳ ಬಳಿಕವೂ ಈ ಜನ ಹೀಗೆ ಪ್ರತಿಭಟಿಸಬೇಕಾದದ್ದು ಏಕೆ? ಅವರು ವಾಸವಿದ್ದ ನೆಲ ಯಾರ ಹೆಸರಿನಲ್ಲಿರುತ್ತದೆ? ಪೌರಕಾರ್ಮಿಕರ ನೇಮಕಾತಿ ಹೇಗೆ ನಡೆಯುತ್ತದೆ? ಬೇರೆ ಕೆಲಸ ಕೇಳಿಕೊಂಡು ಹೋದರೆ ಅವರಿಗೆ ಊರಿನಲ್ಲಿ ಕೆಲಸ ಕೊಡುವವರು ಯಾರು? 2013ರಲ್ಲಿ ಹೊಸ ಕಾಯಿದೆಯೇ ಬೇಕಾಯಿತೆಂದರೆ ಹಳೆಯದರಲ್ಲಿ ಏನು ಕೊರತೆಯಿತ್ತು? ಇವು ಯಾವುದೂ ದೈವಶಾಸ್ತ್ರದ ಪಠ್ಯದಲ್ಲಿ ಉತ್ತರ ದೊರೆಯುವ ಪ್ರಶ್ನೆಗಳಲ್ಲ. ಉತ್ತರವಿಲ್ಲದೆ ಮಾಡಿದ ಪ್ರಬೋಧನೆಯಾದರೋ ಕೇಳುವವರ ಕಣ್ಣನ್ನು ತೇವಗೊಳಿಸಬಹುದು, ಸವಣೂರನ್ನು ಬದಲಿಸಲಾರದು.

2. ಧರ್ಮಸಭೆಯ ಬೋಧನೆ ಮತ್ತು ಪವಿತ್ರ ಗ್ರಂಥದ ಸಾಕ್ಷ್ಯ

ಸಮಾಜವಿಜ್ಞಾನಗಳನ್ನು ಬಳಸಿಕೊಳ್ಳುವುದು ಇತ್ತೀಚಿನ ಗೀಳು ಎಂದು ಭಾವಿಸುವವರಿದ್ದಾರೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ‘ಗೌದಿಯುಂ ಎತ್ ಸ್ಪೆಸ್’ ಎಂಬ ಸಂವಿಧಾನದ 62ನೆಯ ಪರಿಚ್ಛೇದವು, ಪಾಲನಾ ಸೇವೆಯಲ್ಲಿ ದೈವಶಾಸ್ತ್ರದ ತತ್ತ್ವಗಳನ್ನಷ್ಟೇ ಅಲ್ಲದೆ ಲೌಕಿಕ ವಿಜ್ಞಾನಗಳ, ವಿಶೇಷವಾಗಿ ಮನಃಶಾಸ್ತ್ರ ಮತ್ತು ಸಮಾಜಶಾಸ್ತ್ರಗಳ ಫಲಿತಗಳನ್ನೂ ಅರಿತು ಬಳಸಬೇಕೆಂದು ಸ್ಪಷ್ಟವಾಗಿ ಬೋಧಿಸುತ್ತದೆ. ಅದೇ ವರ್ಷದ ಗುರು ತರಬೇತಿಯ ಆದೇಶಪತ್ರ ‘ಒಪ್ತಾತಾಮ್ ತೋತಿಯುಸ್’ ಇದನ್ನೇ ಗುರುಮಠಗಳಿಗೆ ಅನ್ವಯಿಸುತ್ತದೆ. ಆರನೆಯ ಪೌಲರು 1971ರ ‘ಒಕ್ತೋಜೆಸಿಮಾ ಅದ್ವೇನಿಯೆನ್ಸ್’ ಪತ್ರದಲ್ಲಿ ಎರಡು ಮಾತುಗಳನ್ನು ಜೋಡಿಸಿ ಹೇಳುತ್ತಾರೆ: ತಮ್ಮ ನಾಡಿನ ಪರಿಸ್ಥಿತಿಯನ್ನು ವಸ್ತುನಿಷ್ಠವಾಗಿ ವಿಶ್ಲೇಷಿಸುವುದು ಆಯಾ ಸ್ಥಳೀಯ ಕ್ರೈಸ್ತ ಸಮುದಾಯಗಳ ಹೊಣೆ. ಆದರೆ ಮಾನವ ವಿಜ್ಞಾನಗಳು ಮನುಷ್ಯನ ಒಂದು ಮುಖವನ್ನೇ ಅವನ ಪೂರ್ಣ ಸ್ವರೂಪವೆಂದು ಬಗೆಯುವ ಅಪಾಯವೂ ಇದೆ. ಈ ಎರಡನೆಯ ಮಾತಿಗೆ ಲೇಖನದ ಕೊನೆಯಲ್ಲಿ ಮರಳುತ್ತೇನೆ. ಜಗದ್ಗುರು ಫ್ರಾನ್ಸಿಸ್‌ರ ‘ವೆರಿತಾತಿಸ್ ಗೌದಿಯುಂ’ ಕೂಡ ದೈವಶಾಸ್ತ್ರವು ಇತರ ಶಾಸ್ತ್ರಗಳೊಂದಿಗೆ ಕೂಡಿ ನಡೆಯಬೇಕೆಂದು ವಿಧಿಸುತ್ತದೆ.

ಪವಿತ್ರ ಗ್ರಂಥವೂ ಈ ವಿಷಯದಲ್ಲಿ ಮೌನವಾಗಿಲ್ಲ. ಕಾನಾನ್ ನಾಡಿಗೆ ಗೂಢಚಾರರನ್ನು ಕಳುಹಿಸುವಾಗ ಮೋಶೆಯು ಕೊಡುವ ಸೂಚನೆಗಳನ್ನು (ಸಂಖ್ಯಾಕಾಂಡ 13:17-20) ಗಮನಿಸಿರಿ: ಅಲ್ಲಿನ ಜನ ಬಲವಂತರೋ ದುರ್ಬಲರೋ, ಸ್ವಲ್ಪ ಮಂದಿಯೋ ಬಹಳ ಮಂದಿಯೋ, ಭೂಮಿ ಫಲವತ್ತಾದುದೋ ಅಲ್ಲವೋ, ಊರುಗಳಿಗೆ ಕೋಟೆಯುಂಟೋ ಇಲ್ಲವೋ. ಇದು ಒಂದು ಸಮೀಕ್ಷೆಯ ಪ್ರಶ್ನಾವಳಿಯೇ ಸರಿ. ನೆಹೆಮೀಯನು ಜೆರುಸಲೇಮಿನ ಗೋಡೆ ಕಟ್ಟುವ ಮಾತನ್ನು ಜನರ ಮುಂದೆ ಆಡುವುದಕ್ಕೆ ಮೊದಲು ರಾತ್ರಿಯ ಹೊತ್ತು ಹೊರಟು, ಬಿದ್ದ ಗೋಡೆಗಳನ್ನು ತಾನೇ ಸುತ್ತಿ ನೋಡುತ್ತಾನೆ (ನೆಹೆಮೀಯ 2:11-16). ನೋಡಿದ ಮೇಲೆ ಮಾತು, ಮಾತಿನ ಮೇಲೆ ಕೆಲಸ. ಬೆಲ್ಜಿಯಂ ದೇಶದ ಗುರು ಜೋಸೆಫ್ ಕಾರ್ಡೈನ್ ಯುವ ಕಾರ್ಮಿಕರಿಗೆ ಕಲಿಸಿದ, ಇಪ್ಪತ್ಮೂರನೆಯ ಯೊವಾನ್ನರು 1961ರ ‘ಮಾತೆರ್ ಎತ್ ಮಜಿಸ್ತ್ರಾ’ ಪತ್ರದಲ್ಲಿ ಅಂಗೀಕರಿಸಿದ ‘ನೋಡು, ತೀರ್ಮಾನಿಸು, ಕಾರ್ಯವೆಸಗು’ ಎಂಬ ಕ್ರಮವೂ ಇದೇ. ನಮ್ಮ ತರಬೇತಿಯಲ್ಲಿ ತೀರ್ಮಾನಿಸುವುದಕ್ಕೆ ಬೇಕಾದ ಸಾಮಗ್ರಿ ಹೇರಳವಾಗಿದೆ, ಕಾರ್ಯವೆಸಗುವ ಉತ್ಸಾಹಕ್ಕೂ ಕೊರತೆಯಿಲ್ಲ. ಮೊದಲನೆಯ ಮೆಟ್ಟಿಲು ಮಾತ್ರ ಸುಲಭವೆಂದು ಬಗೆದು ಹಾರಿಬಿಡುತ್ತೇವೆ.

3. ಒಂದು ಸಾಲ, ಹಲವು ಶಾಸ್ತ್ರಗಳು

ಯಾವ ಶಾಸ್ತ್ರ ಏನನ್ನು ಕಾಣಿಸುತ್ತದೆ ಎಂಬುದನ್ನು ಉದಾಹರಣೆಯಿಂದ ವಿವರಿಸುವುದು ಲೇಸು. ಹತ್ತಿಮತ್ತೂರಿನ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳೋಣ. ಆಕೆ ಕಿರುಸಾಲ ಸಂಸ್ಥೆಯೊಂದರಿಂದ ಗುಂಪಿನ ಜಾಮೀನಿನ ಮೇಲೆ ಸಾಲ ಪಡೆದಿದ್ದಾಳೆ. ಎರಡು ಕಂತು ತಪ್ಪಿದೆ. ಆಕೆ ಗುಡಿಗೂ ಸಂತೆಗೂ ಹೋಗುವುದನ್ನು ಬಿಟ್ಟಿದ್ದಾಳೆ.

ಅರ್ಥಶಾಸ್ತ್ರದ ವಿದ್ಯಾರ್ಥಿ ಮೊದಲು ಕಾಲವನ್ನು ನೋಡುತ್ತಾನೆ. ಗೋವಿನಜೋಳ, ಹತ್ತಿ, ಮೆಣಸಿನಕಾಯಿಯ ಹಣ ಕೈಗೆ ಬರುವುದು ಸುಗ್ಗಿಯಲ್ಲಿ, ಕಂತು ಕಟ್ಟಬೇಕಾದದ್ದು ವಾರಕ್ಕೋ ತಿಂಗಳಿಗೋ ಒಮ್ಮೆ. ಈ ಎರಡು ಕಾಲಗಳ ನಡುವಿನ ಬಿರುಕನ್ನು ಮುಚ್ಚಲು ಮತ್ತೊಂದು ಸಾಲ ಹುಟ್ಟುತ್ತದೆ. ಸಮಾಜಶಾಸ್ತ್ರದ ವಿದ್ಯಾರ್ಥಿ ಗುಂಪನ್ನು ನೋಡುತ್ತಾನೆ. ಒಬ್ಬಳು ತಪ್ಪಿದರೆ ಉಳಿದವರು ಕಟ್ಟಬೇಕೆಂಬ ನಿಯಮದಿಂದ ನಿನ್ನೆಯವರೆಗೆ ಮೊಸರು ಹೆಪ್ಪಿಗೆ ಬರುತ್ತಿದ್ದ ನೆರೆಯಾಕೆಯೇ ಇಂದು ವಸೂಲಿಗಾರ್ತಿಯಾಗಿದ್ದಾಳೆ. ಮಾನವಶಾಸ್ತ್ರದ ವಿದ್ಯಾರ್ಥಿ ಸಾಲದ ಹಣ ಹೋದ ದಾರಿಯನ್ನು ಹಿಡಿದು ನಡೆದು, ಮಗಳ ಮದುವೆಯಲ್ಲಿ ಬೀಗರ ಮುಂದೆ ಮನೆತನದ ಮಾನ ಎಂದರೇನು ಎಂಬಲ್ಲಿಗೆ ತಲುಪುತ್ತಾನೆ. ಮನಃಶಾಸ್ತ್ರದವನು ಆಕೆಯ ನಾಚಿಕೆಯನ್ನೂ ನಿದ್ದೆಗೆಟ್ಟ ರಾತ್ರಿಗಳನ್ನೂ ಗುರುತಿಸುತ್ತಾನೆ. ರಾಜ್ಯಶಾಸ್ತ್ರದವನು, ಬಲವಂತದ ವಸೂಲಿಯನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹೊರಡಿಸಿದ ಸುಗ್ರೀವಾಜ್ಞೆ ಈ ಓಣಿಯವರೆಗೆ ಬಂದಿದೆಯೇ ಎಂದು ಕೇಳುತ್ತಾನೆ. ಸಮಾಜಕಾರ್ಯದ ವಿದ್ಯಾರ್ಥಿ ಇವೆಲ್ಲವನ್ನೂ ಕೂಡಿಸಿ, ನಾಳೆ ಬೆಳಿಗ್ಗೆ ಆಕೆಯ ಜೊತೆ ಯಾವ ಕಚೇರಿಗೆ ಹೋಗಬೇಕು ಎಂಬುದನ್ನು ಕಲಿತಿರುತ್ತಾನೆ.

ಈಗ ದೈವಶಾಸ್ತ್ರ ಮಾತನಾಡಲಿ. ಹೊಲ, ದ್ರಾಕ್ಷಿತೋಟ, ಮನೆಗಳನ್ನು ಒತ್ತೆಯಿಟ್ಟು ದವಸ ಪಡೆದವರ, ರಾಜನ ತೆರಿಗೆಗಾಗಿ ಸಾಲ ಮಾಡಿದವರ, ಮಕ್ಕಳನ್ನು ಜೀತಕ್ಕೆ ಬಿಟ್ಟವರ ಮೊರೆಯನ್ನು ನೆಹೆಮೀಯ 5ನೆಯ ಅಧ್ಯಾಯ ವರ್ಗವರ್ಗವಾಗಿ ವಿಂಗಡಿಸಿ ದಾಖಲಿಸುತ್ತದೆ. ನೆಹೆಮೀಯನು ಕೋಪಗೊಂಡನು, ಮನಸ್ಸಿನಲ್ಲಿ ಆಲೋಚಿಸಿದನು, ಆಮೇಲೆ ಸಾಲ ಕೊಟ್ಟ ಶ್ರೀಮಂತರನ್ನು ಸಭೆ ಕರೆದು ನಿಲ್ಲಿಸಿದನು. ಕೋಪಕ್ಕೂ ಸಭೆಗೂ ನಡುವೆ ಇರುವ ಆ ಆಲೋಚನೆಯ ಹೊತ್ತನ್ನೇ ನಾನು ಸಮಾಜವಿಜ್ಞಾನದ ಹೊತ್ತು ಎಂದು ಕರೆಯುತ್ತೇನೆ. ಅದು ಇಲ್ಲವಾದರೆ ಗುರುವು ಆ ತಾಯಿಗೆ ದುಂದುವೆಚ್ಚದ ವಿರುದ್ಧ ಒಂದು ಉಪದೇಶ ಮಾಡಿ ಕಳುಹಿಸಿಬಿಡುವ ಸಂಭವವೇ ಹೆಚ್ಚು.

4. ಈ ಸೀಮೆಯೇ ಕೊಟ್ಟ ಮಾದರಿ

ಸಮಾಜವಿಜ್ಞಾನವೆಂದರೆ ದೂರದ ದೇಶದ ವಿದ್ಯೆಯೆಂದು ಹಾವೇರಿಯ ವಿದ್ಯಾರ್ಥಿ ಅಳುಕಬೇಕಾಗಿಲ್ಲ. ಶಿಗ್ಗಾಂವಿ ಸೀಮೆಯ ಹಿರೇಮಲ್ಲೂರಿನ ಹೆಸರನ್ನೇ ತಮ್ಮ ಹೆಸರಿನಲ್ಲಿ ಹೊತ್ತ ಹಿರೇಮಲ್ಲೂರು ಈಶ್ವರನ್ ಕನ್ನಡದ ಸಾಹಿತಿಯೂ ಹೌದು, ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಬೋಧಿಸಿದ ಸಮಾಜಶಾಸ್ತ್ರಜ್ಞರೂ ಹೌದು. ಅವರ ಎರಡು ಇಂಗ್ಲಿಷ್ ಗ್ರಂಥಗಳು, 1966ರ ಒಂದು ಮತ್ತು 1968ರ ಒಂದು, ಧಾರವಾಡ ಸೀಮೆಯ ಹಳ್ಳಿಯೊಂದನ್ನು ಶಿವಾಪುರ ಎಂಬ ಹೆಸರಿನಲ್ಲಿ ಅಧ್ಯಯನ ಮಾಡುತ್ತವೆ. ಅವುಗಳಲ್ಲಿ ಮೊದಲನೆಯದು ‘ಆಯ’ ಪದ್ಧತಿಯನ್ನು ಕುರಿತದ್ದು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ ಮೊದಲಾದ ಆಯಗಾರರು ವರ್ಷವಿಡೀ ಮಾಡಿದ ಸೇವೆಗೆ ರೈತನು ಸುಗ್ಗಿಯ ಕಣದಲ್ಲಿ ಕಾಳಿನ ಪಾಲು ಕೊಡುವ ಈ ರೂಢಿಯನ್ನು ನಮ್ಮ ಹಿರಿಯರೆಲ್ಲರೂ ಕಂಡಿದ್ದಾರೆ. ಎಲ್ಲರೂ ಕಂಡದ್ದನ್ನೇ ಶಾಸ್ತ್ರಜ್ಞನು ಪ್ರಶ್ನೆಯಾಗಿ ಕಾಣುತ್ತಾನೆ: ಇದು ಕೂಲಿಯೋ, ದಾನವೋ, ಹಕ್ಕೋ? ಈ ಕೊಡುಕೊಳ್ಳುವಿಕೆ ಊರನ್ನು ಹೇಗೆ ಒಂದಾಗಿ ಹಿಡಿದಿಡುತ್ತದೆ, ಅದರ ಜೊತೆಗೇ ಯಾರನ್ನು ಎಲ್ಲಿ ನಿಲ್ಲಿಸುತ್ತದೆ? ದಾನಧರ್ಮದ ಬಗ್ಗೆ ಬೋಧಿಸುವ ಗುರುವಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಯಾವುದು? ಬಡವರಿಗೆ ನಾವು ಹಂಚುವ ಅಕ್ಕಿ, ಬಟ್ಟೆಗಳು ಆ ಊರಿನ ಭಾಷೆಯಲ್ಲಿ ಹಕ್ಕಾಗಿ ಕೇಳಿಸುತ್ತವೆಯೋ ಋಣವಾಗಿ ಕೇಳಿಸುತ್ತವೆಯೋ ಎಂಬುದು ಪಾಲನಾ ಸೇವೆಯ ಗಂಭೀರ ವಿಚಾರ.

ಮೈಸೂರಿನ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸಮೀಪದ, ಅವರು ರಾಂಪುರ ಎಂದು ಕರೆದ ಹಳ್ಳಿಯಲ್ಲಿ ವಾಸಿಸಿ ಅಧ್ಯಯನ ನಡೆಸಿದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸಂಭವಿಸಿದ ಬೆಂಕಿಯಲ್ಲಿ ಅವರ ಸಂಸ್ಕರಿಸಿದ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದಲೇ ಅವರು ಬರೆದ ಆ ಹಳ್ಳಿಯ ಚಿತ್ರ 1976ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. ಜನರ ನಡುವೆ ಬಾಳಿ, ಅವರ ಮಾತನ್ನು ಅವರ ಭಾಷೆಯಲ್ಲಿ ಕೇಳಿಸಿಕೊಂಡವನಿಗೆ ಮಾತ್ರ ಅಂಥ ನೆನಪು ಸಾಧ್ಯ. ಗುರುವಿಗೆ ವಿಶ್ವವಿದ್ಯಾಲಯದ ಸಂಶೋಧಕನಿಗಿಂತ ಒಂದು ಅನುಕೂಲ ಹೆಚ್ಚು: ಅವನು ಹೇಗಿದ್ದರೂ ಆ ಊರಿನಲ್ಲಿಯೇ ವಾಸಿಸುವವನು.

ಧರ್ಮಸಭೆಯೊಳಗೂ ಈ ಪರಂಪರೆಯಿದೆ. ಮಂಗಳೂರು ಮೂಲದ ಯೇಸುಸಭೆಯ ಗುರು ಜೆರೋಮ್ ಡಿಸೋಜ ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದವರು. 1951ರಲ್ಲಿ ಪುಣೆಯಲ್ಲಿ ಭಾರತೀಯ ಸಾಮಾಜಿಕ ಸಂಸ್ಥೆ ಅವರಿಂದ ಆರಂಭವಾಗಿ ಮುಂದೆ ದೆಹಲಿಗೆ ವರ್ಗಾವಣೆಗೊಂಡಿತು. ಫಿಲಿಪ್ಪೀನ್ಸ್‌ನಲ್ಲಿ ಸಮಾಜಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದ ಗುರು ಸ್ಟ್ಯಾನ್ ಸ್ವಾಮಿ 1975ರಿಂದ 1986ರವರೆಗೆ ಬೆಂಗಳೂರಿನ ಅಂಥದೇ ಸಂಸ್ಥೆಯನ್ನು ನಡೆಸಿ, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಬಾಳಿದರು. ಮಂಗಳೂರಿನ ರೋಶನಿ ನಿಲಯ 1960ರಿಂದ ಸಮಾಜಕಾರ್ಯವನ್ನು ಕಲಿಸುತ್ತಿದೆ.

5. ಧರ್ಮವನ್ನು ಅರಿಯುವ ಬಗೆ

ಅನ್ಯಧರ್ಮೀಯರೊಡನೆ ಸಂವಾದ ನಡೆಸುವ ಗುರುವಿಗೂ ಈ ಅಧ್ಯಯನ ಅಗತ್ಯ. ಶಿಗ್ಗಾಂವಿ ತಾಲ್ಲೂಕಿನ ಬಾಡ ಕನಕದಾಸರ ಊರು. ಅದೇ ತಾಲ್ಲೂಕಿನ ಶಿಶುವಿನಹಾಳದ ಸಂತ ಶರೀಫರು (1819-1889) ಮುಸ್ಲಿಂ ಮನೆತನದಲ್ಲಿ ಹುಟ್ಟಿ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದವರು. ಇವರ ಹೆಸರು ಹೇಳಿ ಈ ನಾಡು ಸಾಮರಸ್ಯದ ನಾಡೆಂದು ಭಾಷಣ ಮಾಡುವುದು ಸುಲಭ. ಆದರೆ ಹಿರೇಕೆರೂರು ತಾಲ್ಲೂಕಿನ ಅಬಲೂರಿನ ಶಾಸನವು ಸುಮಾರು ಎಂಟುನೂರು ವರ್ಷಗಳ ಹಿಂದೆ ಏಕಾಂತದ ರಾಮಯ್ಯನಿಗೂ ಜೈನರಿಗೂ ನಡೆದ ಘರ್ಷಣೆಯನ್ನು ದಾಖಲಿಸುತ್ತದೆ. ಒಂದೇ ಸೀಮೆಯ ನೆಲದಲ್ಲಿ ಕೂಡಿ ಬಾಳಿದ್ದೂ ಉಂಟು, ಕಾದಾಡಿದ್ದೂ ಉಂಟು. ಯಾವ ಸನ್ನಿವೇಶದಲ್ಲಿ ಯಾವುದು ಬಲಗೊಳ್ಳುತ್ತದೆ, ಜಾತ್ರೆ ಮತ್ತು ಉರುಸುಗಳಲ್ಲಿ ಯಾವ ಕೇರಿಯವರಿಗೆ ಯಾವ ಸೇವೆಯ ಹಕ್ಕಿದೆ, ಅದು ಹೇಗೆ ಬದಲಾಗುತ್ತಿದೆ ಎಂದು ಕೇಳುವುದು ಸಂವಾದಕ್ಕೆ ನೆಲಗಟ್ಟನ್ನು ಒದಗಿಸುತ್ತದೆ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೇ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿರುವುದು ಇಂಥ ಅಧ್ಯಯನಕ್ಕೆ ದೊರೆತ ವಿಶೇಷ ಅನುಕೂಲ.

6. ವ್ಯಾಸಂಗದ ದಾರಿ

ಇನ್ನು ಕಾರ್ಯೋಪಯೋಗಿ ವಿಷಯಗಳು. ಮೊದಲನೆಯದು ಅರ್ಹತೆ. ಪರಮಪೀಠದ ಅಧಿಕಾರದಿಂದ ನೀಡುವ ತತ್ತ್ವಶಾಸ್ತ್ರ, ದೈವಶಾಸ್ತ್ರಗಳ ಪದವಿಗಳೂ ಭಾರತದ ವಿಶ್ವವಿದ್ಯಾಲಯಗಳು ನೀಡುವ ಪದವಿಗಳೂ ಎರಡು ಬೇರೆ ವ್ಯವಸ್ಥೆಗಳಿಗೆ ಸೇರಿದವು. ಗುರುಮಠದಲ್ಲಿ ಎಷ್ಟು ವರ್ಷ ಓದಿದ್ದರೂ, ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಸ್ನಾತಕ ಪದವಿಯಿಲ್ಲದವನಿಗೆ ಎಂ.ಎ. ತರಗತಿಯ ಬಾಗಿಲಲ್ಲಿ ತೊಡಕಾಗುವುದು ಸಹಜ. ಆದಕಾರಣ ಅಭ್ಯರ್ಥಿಯು ತತ್ತ್ವಶಾಸ್ತ್ರದ ವರ್ಷಗಳಲ್ಲಿಯೇ ಬಿ.ಎ. ಪದವಿಯನ್ನು ಪೂರೈಸಿಕೊಳ್ಳುವುದು ವಿವೇಕ. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಮತ್ತು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಗಳು ಇದಕ್ಕೆ ಅವಕಾಶ ಕೊಡುತ್ತವೆ. ಏಕಕಾಲದಲ್ಲಿ ಎರಡು ಪದವಿಗಳಿಗೆ ಓದಬಹುದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿದೆ, ಆದರೆ ಪಿಎಚ್.ಡಿ.ಗೆ ಅದು ಅನ್ವಯಿಸುವುದಿಲ್ಲ. ಪ್ರವೇಶಕ್ಕೆ ಮೊದಲು ಆಯಾ ವಿಶ್ವವಿದ್ಯಾಲಯದಿಂದ ಲಿಖಿತ ಉತ್ತರ ಪಡೆದುಕೊಳ್ಳುವುದು ಕ್ಷೇಮ.

ಎರಡನೆಯದು ವಿಷಯದ ಆಯ್ಕೆ. ಜನರ ಜೊತೆ ನೇರವಾಗಿ ಕೆಲಸ ಮಾಡುವವನಿಗೆ ಸಮಾಜಕಾರ್ಯ ಒಳ್ಳೆಯದು, ಅಲ್ಲಿ ಕ್ಷೇತ್ರಕಾರ್ಯವು ಪಠ್ಯದ ಅಂಗವೇ ಆಗಿದೆ. ಗುರುಮಠದಲ್ಲಿ ಬೋಧಿಸಲಿರುವವನಿಗೆ ಸಮಾಜಶಾಸ್ತ್ರ ಅಥವಾ ಮಾನವಶಾಸ್ತ್ರ ಹೆಚ್ಚು ಉಪಯುಕ್ತ. ಸಾಲ, ಬೆಳೆ, ವಲಸೆಗಳನ್ನು ಅರಿಯಬಯಸುವವನು ಅರ್ಥಶಾಸ್ತ್ರಕ್ಕೆ ಹೆದರಬಾರದು. ಎಲ್ಲದಕ್ಕೂ ಸಂಖ್ಯಾಶಾಸ್ತ್ರದ ಪ್ರಾಥಮಿಕ ಜ್ಞಾನ ಬೇಕು. ಏಳು ವರ್ಷ ಪರಿಕಲ್ಪನೆಗಳ ಲೋಕದಲ್ಲಿದ್ದವನಿಗೆ ಮೊದಲ ಸೆಮಿಸ್ಟರಿನಲ್ಲಿ ಕಷ್ಟವೆನಿಸುವುದು ಇದೇ.

ಮೂರನೆಯದು ಸ್ಥಳ. ಸಾಧ್ಯವಾದಷ್ಟೂ ಸೇವಾಕ್ಷೇತ್ರಕ್ಕೆ ಹತ್ತಿರವಾಗಿ ಓದಬೇಕೆಂಬುದು ನನ್ನ ನಿಶ್ಚಿತ ಅಭಿಪ್ರಾಯ. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡದಲ್ಲಿದೆ. ಅಲ್ಲಿನ ತರಗತಿಯಲ್ಲಿ ಗುರುವಿನ ಪಕ್ಕದಲ್ಲಿ ಕೂರುವವರು ಇದೇ ಹಳ್ಳಿಗಳ ರೈತರ, ಕೂಲಿಗಾರರ ಮಕ್ಕಳು. ಅವರೊಡನೆ ಒಂದೇ ಬೆಂಚಿನಲ್ಲಿ ವಿದ್ಯಾರ್ಥಿಯಾಗಿ ಕೂರುವುದು ‘ಫಾದರ್’ ಎನ್ನಿಸಿಕೊಂಡು ರೂಢಿಯಾದವನಿಗೆ ಒಂದು ಆಧ್ಯಾತ್ಮಿಕ ಸಾಧನೆಯೂ ಆಗುತ್ತದೆ. ಅಖಿಲ ಭಾರತ ಮಟ್ಟದ ಸಂಶೋಧನೆ ಬಯಸುವವರಿಗೆ 1972ರಲ್ಲಿ ವಿ. ಕೆ. ಆರ್. ವಿ. ರಾವ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯಿದೆ. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆ 1936ರಲ್ಲಿ ಆರಂಭವಾದಾಗ ಅದರ ಮೊದಲ ನಿರ್ದೇಶಕರು ಕ್ಲಿಫರ್ಡ್ ಮ್ಯಾನ್ಷಾರ್ಟ್ ಎಂಬ ಕ್ರೈಸ್ತ ಮಿಷನರಿಯಾಗಿದ್ದರು ಎಂಬುದನ್ನೂ ನೆನೆಯಬಹುದು.

ನಾಲ್ಕನೆಯದು, ಮೇಲಧಿಕಾರಿಗಳಿಗೆ ಸಂಬಂಧಿಸಿದ್ದು. ಎರಡು ವರ್ಷ ಓದಿಸಿ, ಮರಳಿ ಬಂದವನನ್ನು ಕಟ್ಟಡದ ಕೆಲಸಕ್ಕೋ ಶುಲ್ಕ ವಸೂಲಿಗೋ ಕೂರಿಸಿದರೆ ಆ ವ್ಯಾಸಂಗ ಬೀಜವನ್ನು ಕಲ್ಲಿನ ಮೇಲೆ ಬಿತ್ತಿದಂತೆ. ಯಾವ ಪ್ರಶ್ನೆಯನ್ನು ಅಧ್ಯಯನ ಮಾಡಬೇಕು, ಅದರ ಫಲ ಯಾವ ಊರಿಗೆ ಸಲ್ಲಬೇಕು ಎಂಬುದನ್ನು ಕಳುಹಿಸುವ ಮೊದಲೇ ಇಬ್ಬರೂ ಕೂಡಿ ನಿರ್ಧರಿಸತಕ್ಕದ್ದು.

7. ಸಂಶೋಧಕನಾದ ಗುರುವಿನ ಎಚ್ಚರ

ಜನರನ್ನು ಎಣಿಸುವ ಕೆಲಸ ಯಾವಾಗಲೂ ನಿರ್ದೋಷವಲ್ಲ. ದಾವೀದನು ಮಾಡಿಸಿದ ಜನಗಣತಿ ಪಾಪವಾಗಿ ಪರಿಣಮಿಸಿದ್ದನ್ನು 2 ಸಮುವೇಲ 24ನೆಯ ಅಧ್ಯಾಯ ಹೇಳುತ್ತದೆ. ಅಲ್ಲಿ ಎಣಿಸಿದ್ದು ಕತ್ತಿ ಹಿಡಿಯಬಲ್ಲವರನ್ನು, ತನ್ನ ಬಲವನ್ನು ಅಳೆಯುವುದಕ್ಕಾಗಿ. ಮೋಶೆಯ ಪ್ರಶ್ನಾವಳಿಯನ್ನು ಓದುವವನು ದಾವೀದನ ಗಣತಿಯನ್ನೂ ಓದಬೇಕು. ಜ್ಞಾನವು ಅಧಿಕಾರವಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ.

ಆದ್ದರಿಂದ ಮೂರು ನಿಯಮಗಳು. ಪಾಪನಿವೇದನೆಯಲ್ಲಿ ತಿಳಿದದ್ದು ಯಾವ ರೂಪದಲ್ಲಿಯೂ, ಹೆಸರು ಮರೆಸಿಯೂ, ಟಿಪ್ಪಣಿ ಪುಸ್ತಕವನ್ನು ಸೇರಕೂಡದು. ಧರ್ಮಸಭೆಯ ಕಾನೂನು ಸಂಹಿತೆಯ 983 ಮತ್ತು 984ನೆಯ ವಿಧಿಗಳ ಆಶಯ ಇದನ್ನು ಬೇಡುತ್ತದೆ. ಎರಡನೆಯದಾಗಿ, ತಮ್ಮ ಮಗುವಿನ ಶಾಲಾ ಪ್ರವೇಶ ಯಾರ ಕೈಯಲ್ಲಿದೆಯೋ ಅವರ ಪ್ರಶ್ನೆಗೆ ಬಡವರು ಇಲ್ಲವೆನ್ನಲಾರರು. ಅಂಥ ಒಪ್ಪಿಗೆ ಒಪ್ಪಿಗೆಯಲ್ಲ. ಉತ್ತರಿಸದಿದ್ದರೆ ಏನೂ ನಷ್ಟವಿಲ್ಲವೆಂದು ಅವರಿಗೆ ನಂಬಿಕೆ ಬರುವವರೆಗೆ ಪ್ರಶ್ನೆಯನ್ನು ಮುಂದೂಡಬೇಕು. ಮೂರನೆಯದಾಗಿ, ಬರೆದದ್ದನ್ನು ಬರೆಯಲ್ಪಟ್ಟವರಿಗೆ ಕನ್ನಡದಲ್ಲಿ ಓದಿ ಹೇಳಬೇಕು. ‘ಹಂಗಲ್ರೀ ಅದು’ ಎಂದು ಕಟ್ಟೆಯ ಮೇಲೆ ಕುಳಿತ ಅಜ್ಜನೊಬ್ಬ ತಿದ್ದಿದರೆ, ಆ ತಿದ್ದುಪಡಿಯೇ ಪ್ರಬಂಧದ ಅತ್ಯುತ್ತಮ ಭಾಗವಾಗಬಹುದು. ತನಗೇನು ಬೇಕೆಂದು ಕುರುಡ ಬಾರ್ತಿಮಾಯನನ್ನು ಯೇಸುಸ್ವಾಮಿ ಕೇಳುತ್ತಾರೆ (ಮಾರ್ಕ 10:51). ಕಣ್ಣಿಲ್ಲದವನಿಗೆ ಏನು ಬೇಕೆಂಬುದು ಎಲ್ಲರಿಗೂ ಗೊತ್ತಿದ್ದಾಗಲೂ ಪ್ರಭುವು ಕೇಳಿದರು.

8. ಮಿತಿ ಮತ್ತು ಹೊಣೆ

ಸಮಾಜವಿಜ್ಞಾನವನ್ನು ಕಲಿತವನು ಶುಭಸಂದೇಶವನ್ನೇ ಮರೆತಾನೆಂಬ ಭಯ ಕೆಲವರಲ್ಲಿದೆ. ಆ ಭಯ ಪೂರ್ತಿ ಆಧಾರರಹಿತವಲ್ಲ. ಮನುಷ್ಯನನ್ನು ಅವನ ಜಾತಿ, ವರ್ಗ, ಆದಾಯಗಳ ಮೊತ್ತವೆಂದು ಬಗೆಯುವ ವಿದ್ವಾಂಸರಿದ್ದಾರೆ. ಆರನೆಯ ಪೌಲರು ಎಚ್ಚರಿಸಿದ್ದು ಅವರನ್ನೇ. ಸಾಲದ ಹೊರೆ ಹೊತ್ತ ತಾಯಿ ಏಕೆ ಬೀಳುತ್ತಾಳೆಂದು ಅರ್ಥಶಾಸ್ತ್ರ ವಿವರಿಸಬಲ್ಲದು. ತನ್ನನ್ನು ಕಾಡಿದ ನೆರೆಯಾಕೆಯ ಮಗು ಕಾಯಿಲೆ ಬಿದ್ದಾಗ ಅವಳು ಗಂಜಿ ಕಾಯಿಸಿಕೊಂಡು ಹೋಗುವುದನ್ನು ವಿವರಿಸಲು ಅದರ ಬಳಿ ಮಾತು ಸಾಲದು. ಕೃಪೆ ಎಂಬ ಪದ ದೈವಶಾಸ್ತ್ರಕ್ಕೆ ಸೇರಿದ್ದು. ಆದರೆ ಕೃಪೆಯ ಹೆಸರು ಹೇಳಿ ಕಂತಿನ ಲೆಕ್ಕ ನೋಡದಿರುವುದು ದೈವಶಾಸ್ತ್ರವೂ ಅಲ್ಲ, ಅದು ಸೋಮಾರಿತನ.

ಒಳ್ಳೆಯ ಸಮಾರಿತನ ಸಾಮತಿಯಲ್ಲಿ (ಲೂಕ 10:30-37) ಯಾಜಕನೂ ಲೇವಿಯನೂ ಗಾಯಗೊಂಡವನನ್ನು ನೋಡದೆ ಹೋಗಲಿಲ್ಲ, ನೋಡಿಯೇ ಆಚೆ ಬದಿಯಲ್ಲಿ ಹೋದರು. ಸಮಾರಿಯದವನು ಹತ್ತಿರಕ್ಕೆ ಬಂದು ನೋಡಿದನು. ಗಾಯ ಎಲ್ಲಿದೆ, ಎಣ್ಣೆ ಎಷ್ಟು ಬೇಕು, ಛತ್ರದವನಿಗೆ ಎಷ್ಟು ಹಣ ಕೊಡಬೇಕು, ಮರಳಿ ಬರುವಾಗ ಎಷ್ಟು ಬಾಕಿಯಾದೀತು ಎಂಬ ಲೆಕ್ಕವೂ ಅವನ ಕರುಣೆಯಲ್ಲಿಯೇ ಸೇರಿತ್ತು. ಪ್ರತಿಯೊಂದು ಧರ್ಮಪ್ರಾಂತ್ಯವೂ ರೋಮಿಗೆ ಕಳುಹಿಸುವ ಪ್ರತಿಭಾವಂತರ ಜೊತೆಗೆ ಕಡೆಯಪಕ್ಷ ಒಬ್ಬನನ್ನಾದರೂ ಧಾರವಾಡಕ್ಕೆ ಕಳುಹಿಸಲಿ. ಅವನ ಪ್ರಬಂಧ ಹತ್ತಿಮತ್ತೂರಿನಂಥ ಒಂದು ಊರಿನ ಒಂದು ಪ್ರಶ್ನೆಯನ್ನು ಕುರಿತದ್ದಾಗಲಿ, ಆ ಊರಿನವರಿಗೆ ಅರ್ಥವಾಗುವ ಭಾಷೆಯಲ್ಲಿರಲಿ. ಆಗ ಬಲಿಪೀಠದ ಮುಂದೆ ಅವನು ಜನರಿಗಾಗಿ ಪ್ರಾರ್ಥಿಸುವಾಗ ‘ಜನ’ ಎಂಬ ಪದಕ್ಕೆ ಮುಖ, ಮನೆ, ಹೊಲ, ಹೆಸರುಗಳಿರುತ್ತವೆ.